ಮಾವನ ಕೆಂಪು ಕಾರು

ಮುಸ್ತಕೀಮನಿಗೆ ಮಾವನೆಂದರೆ ಭಯವೇನೂ ಇರಲಿಲ್ಲ, ಸಂಕೋಚವಿತ್ತು. ಹೆಂಡತಿ ಸನಾಳ ಜೊತೆ ಭದ್ರಾವತಿಯ ಕಾಗದನಗರಕ್ಕೆ ಹೋದಾಗಲೆಲ್ಲ ಅವಳ ತಂದೆ ಹಯಾತ್ ಸಾಹೇಬರು ಎದ್ದು ನಿಂತು, "ಬನ್ನಿ, ಕೂತ್ಕೊಳಿ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದರು. ಫ್ಯಾನು ಅವನ ಕಡೆ ತಿರುಗುತ್ತಿತ್ತು. ಮೀನಿನ ದೊಡ್ಡ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಆಮೇಲೆ ಇಬ್ಬರೂ ಮಾತಿಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಅವನಿಗೆ, ಮನೆಯ ಹಿರಿಯರ ಹತ್ತಿರ ಏನು ಮಾತಾಡಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ ಅವನದು ಕಾರು ಪಾಲಿಶ್ ಮಾಡುವ ಅಂಗಡಿ. ಗೀರು ಬಿದ್ದ, ಮಂಕಾದ ಬಣ್ಣಕ್ಕೆ ಕಾಂಪೌಂಡ್ ಎಂಬ ಪಾಲಿಶ್ ಲೇಪ ಹಚ್ಚಿ, ಸ್ಪಂಜಿನ ಪ್ಯಾಡ್ ತಿರುಗುವ ಮೆಷಿನ್ನಿನಿಂದ ನವಿರಾಗಿ ಉಜ್ಜಿ ಹೊಳಪಿಗೆ ತರುವುದು ಕೆಲಸ. ಮಾವ ಪೇಪರ್ ಮಿಲ್ಲಿನಲ್ಲಿದ್ದಾಗ ಕೊಂಡ ಕೆಂಪು ಮಾರುತಿ ಕ್ವಾರ್ಟರ್ಸ್ ಮುಂದೆ ಬಿಸಿಲಿಗೆ ಸುಣ್ಣ ಬಳಿದಂತಾಗಿ ನಿಂತಿರುವುದನ್ನು ನೋಡಿದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

"ಅದನ್ನ ಹೊರಗೆ ತೆಗೆಯೋಕೆ ಅಬ್ಬಾಗೆ ನಾಚಿಕೆ" ಎಂದಳು ಸನಾ. "ಕೇಳಿದ್ರೆ, ಅಳಿಯನ ಕೈಲಿ ಕೆಲಸ ಮಾಡಿಸ್ತಾರಾ ಅಂತಾರೆ. ಕೇಳೋದೇ ಬೇಡ. ಮೆಷಿನ್ ತಗೊಂಡು ಹೋಗ್ಬಿಡೋಣ."

ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಮೆಷಿನ್ ಇಟ್ಟುಕೊಂಡು ಹೋದರು. ಹಯಾತ್ ಸಾಹೇಬರು ಬೇಡ ಬೇಡ ಎನ್ನುವಷ್ಟರಲ್ಲಿ ಸನಾ ಕಾರಿಗೆ ನೀರು ಸುರಿದಾಗಿತ್ತು. ಬಣ್ಣ ತೆಳುವಾಗಿರುವ ಅಂಚು, ಉಬ್ಬಿದ ಏಣುಗಳಿಗೆಲ್ಲ ಮುಸ್ತಕೀಮ್ ಪ್ಯಾಡ್ ತಾಗದಂತೆ ಟೇಪ್ ಅಂಟಿಸಿ ಬಾನೆಟ್ಟಿನಿಂದ ಶುರುಮಾಡಿದ. ಬಿಳಿ ಪ್ಯಾಡ್ ನೋಡನೋಡುತ್ತ ಕೆಂಪಾಯಿತು.

"ಅಯ್ಯೋ, ಬಣ್ಣ ಎಲ್ಲ ಕಿತ್ಕೊಂಡು ಬರ್ತಿದೆ!" ಬಾಗಿಲಲ್ಲಿ ನಿಂತಿದ್ದ ಅತ್ತೆ ನೂರ್‌ಜಹಾನ್ ಕೂಗಿದರು.

"ಮೇಲಿಂದು ಸುಟ್ಟೋಗಿರೋದು ಅಮ್ಮಿ, ಹೋಗ್ಲಿ. ಅಡೀಲಿ ಒಳ್ಳೇದಿದೆ" ಎಂದ ಮುಸ್ತಕೀಮ್.

ಬಟ್ಟೆಯಿಂದ ಒರೆಸಿದಾಗ ಬಾನೆಟ್ ಮಾಗಿದ ಮೆಣಸಿನಕಾಯಿಯಂತೆ ಕೆಂಪಗೆ ಬಂತು. ಹಯಾತ್ ಸಾಹೇಬರು ಮೆಲ್ಲನೆ ಹತ್ತಿರ ಬಂದು ಬಗ್ಗಿದರು. ತಮ್ಮ ಮುಖ ಅದರಲ್ಲಿ ಕಂಡದ್ದಕ್ಕೋ ಏನೋ, ಗಡ್ಡ ಸವರಿಕೊಂಡರು. ಆಮೇಲೆ ಟೇಪಿನ ಕಡೆ ಬೆರಳು ಮಾಡಿ, "ಆ ಏಣಿನ ಮೇಲೆ ಒಂಚೂರು ಮಂಕು ಉಳೀತಲ್ವಾ? ತೊಂದರೆ ಇಲ್ಲ, ಬಿಡಿ" ಎಂದರು.

ಮಾವ ಅವನನ್ನು ಕೇಳಿದ ಮೊದಲ ಕೆಲಸ ಅದು. ಅಲ್ಲಿ ಉಜ್ಜಬಾರದೆಂದು ಮುಸ್ತಕೀಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇಲ್ಲ ಎನ್ನಲಾರದೆ ಟೇಪ್ ಕಿತ್ತು ಮೆಷಿನ್ ಹಿಡಿದ. ಕಣ್ಣು ಮಿಟುಕಿಸುವುದರೊಳಗೆ ಕೆಂಪಿನ ನಡುವೆ ಹೆಬ್ಬೆರಳಿನುಗುರಷ್ಟು ಬಣ್ಣದಡಿಯ ಪ್ರೈಮರಿನ ಬೂದು ಎದ್ದು ಕಂಡಿತು.

ಅವನು ಮೆಷಿನ್ ನಿಲ್ಲಿಸಿದ. ಕಿವಿ ಬಿಸಿಯಾಯಿತು. "ತಪ್ಪು ನಂದು" ಎಂದಷ್ಟೇ ಹೇಳಿದ. ಸನಾ ಬಂದು ಅವನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಂತಳು.

ಹಯಾತ್ ಸಾಹೇಬರು ಬೂದು ಕಲೆಯನ್ನು ಮುಟ್ಟಿ ನೋಡಿ ತಲೆ ಎತ್ತಿದರು. "ಅಲ್ವೋ, ನಾನು ಹೇಳ್ದೆ ಅಂತ ಉಜ್ಜಿಬಿಡೋದಾ? ನಂಗೇನು ಗೊತ್ತಾಗುತ್ತೆ? ಆಗಲ್ಲ ಅನ್ನೋಕೆ ನಿಂಗೆ ಬಾಯಿರ್ಲಿಲ್ವಾ?"

"ಏನ್ರೀ ಇದು! ಅಳಿಯಂಗೆ ಹೋಗೋ ಬಾರೋ ಅಂತೀರಲ್ಲ!" ನೂರ್‌ಜಹಾನ್ ಗಾಬರಿಯಾದರು.

ಹಯಾತ್ ಸಾಹೇಬರು ನಾಲಿಗೆ ಕಚ್ಚಿಕೊಂಡರು. ಮುಸ್ತಕೀಮನಿಗೆ ನಗು ಬಂತು. ತನ್ನನ್ನು ಹೀಗೆ ಸಲಿಗೆಯಿಂದ ಗದರುವವರಿಲ್ಲದೆಯೇ ಅವನು ಬೆಳೆದಿದ್ದ.

"ಬೈಲಿ ಬಿಡಿ ಅಮ್ಮಿ" ಎಂದು ಮುಖ ಆಚೆ ತಿರುಗಿಸಿದ.

ಹಯಾತ್ ಸಾಹೇಬರು ಅದನ್ನು ಗಮನಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಗಿಟ್ಟರು. "ಬೆವರು ಒರೆಸ್ಕೋ. ಬಿಸಿಲಲ್ಲಿ ನಿಂತು ಏನಾಗ್ಬೇಕಿದೆ? ಊಟ ಮಾಡಿ ಆಮೇಲೆ ಮಾಡೋಣ."

ಅಂದು ಊಟಕ್ಕೆ ಕೂತಾಗ ಮಾತು ನಿಲ್ಲಲೇ ಇಲ್ಲ. ಆ ಕಾರಿನಲ್ಲಿ ಪುಟ್ಟ ಸನಾ ಜೋಗದ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಕತೆಯನ್ನು ಮಾವ ಹೇಳಿದರು. ಸನಾ ಕೋಪ ಮಾಡಿಕೊಂಡು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನವೆಲ್ಲ ಮಾವ ಕಾಂಪೌಂಡಿನ ಬಾಟಲಿ ಹಿಡಿದು ನಿಂತರು, ಅಳಿಯ ಉಜ್ಜಿದ. ಬೂದು ಕಲೆಗೆ ಹೊಂದುವ ಬಣ್ಣವನ್ನು ಮುಂದಿನ ವಾರ ತರುತ್ತೇನೆಂದು ಹೇಳಿ ಹೊರಟ.

ಬುಧವಾರ ಮುಸ್ತಕೀಮ್ ಅಂಗಡಿಯಲ್ಲಿ ಯಾರದೋ ಕಪ್ಪು ಕಾರಿನ ಗೀರು ತೆಗೆಯುತ್ತಿದ್ದ. ಹೊರಗೆ ಹಾರ್ನ್ ಕೇಳಿ ನೋಡಿದರೆ ಕೆಂಪು ಮಾರುತಿ ರಸ್ತೆಬದಿಯಲ್ಲಿ ಫಳಫಳ ಹೊಳೆಯುತ್ತ ನಿಂತಿತ್ತು. ಹಯಾತ್ ಸಾಹೇಬರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಇಳಿದರು.

"ಭಾನುವಾರ ನಾನೇ ಬರ್ತಿದ್ನಲ್ಲ, ಅಬ್ಬಾ" ಎಂದ ಮುಸ್ತಕೀಮ್.

"ಬಣ್ಣಕ್ಕಲ್ಲ ಕಣೋ. ಮನೇಲಿ ಸುಮ್ನೆ ಕೂತು ಬೇಜಾರಾಗಿತ್ತು. ನೀನು ನಿನ್ ಕೆಲಸ ನೋಡ್ಕೋ" ಎಂದು ಅವರು ಸ್ಟೂಲ್ ಎಳೆದುಕೊಂಡು ಅಂಗಡಿಯ ಬಾಗಿಲಲ್ಲಿ ಕೂತರು.