ಬೆಳೆಯುವ ವಿಮಾನಕ್ಕೆ ತೊಂಬತ್ತರ ಎಂಜಿನ್

ಅವತ್ತು ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಹನಿದು ಹೋದ ಮಳೆಗೆ ಬೀದಿ ತೊಳೆದಿಟ್ಟ ಹಾಗಿತ್ತು. ಹಗ್ಗದ ಮೇಲೆ ಎತ್ತಿಡಲು ಮರೆತ ಅಂಗಿಗಳು ತೋಳು ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದವು. ದರ್ಜಿ ಕಿಟಕಿಯಿಂದ ಆ ತೋಳುಗಳನ್ನು ನೋಡಿ, "ಭಗವಂತಾ, ನಿನ್ನ ಕಡೆಯಿಂದ ಏನೂ ಕೊರತೆಯಿಲ್ಲ. ಇನ್ನು ಎಡವಟ್ಟಾದರೆ ಅದು ನನ್ನದೇ" ಎಂದು ಕೈ ಮುಗಿದ.

ವಿಮಾನ ಸಿದ್ಧವಾಗಿತ್ತು. ನೆಲದ ಮೇಲೆ ನಿಂತು ರೇಡಿಯೋದಿಂದ ಹಾರಿಸುವಂಥದು. ತೋಳು ಚಾಚಿದಷ್ಟು ಅಗಲದ ರೆಕ್ಕೆ, ಆಕಾಶದಲ್ಲಿ ಪಲ್ಟಿ ಹೊಡೆಯಲೆಂದೇ ಹುಟ್ಟಿದ ಮೈಕಟ್ಟು. ಇದರ ಅಣ್ಣಂದಿರೆಲ್ಲ ಆಗಲೇ ಮಣ್ಣು ಮುಕ್ಕಿದ್ದರು. ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ನೋಡ್ರೀ, ಈ ಸಲ ನಾನೂ ಬರ್ತೀನಿ. ನನ್ನ ಕಣ್ಣೆದುರಿಗೆ ಒಂದು ಪಲ್ಟಿ ದುಂಡಗೆ ಹೊಡೆದು, ನೆಟ್ಟಗೆ ಇಳೀಲಿ. ಇಲ್ಲಾಂದ್ರೆ ಹಿಂದಿನ ಕೋಣೆ ನನ್ನ ಹೊಸ ಒಲೆಗೆ."

ಆ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಅಂಟಿನ ವಾಸನೆ, ಅಷ್ಟೇ. ಆದರೆ ಹಗಲೆಲ್ಲ ಊರವರ ಸೊಂಟ ಅಳೆದು ಬಂದ ಮನುಷ್ಯನಿಗೆ ತನ್ನ ಮನಸ್ಸನ್ನು ಹರವಿಡಲು ಬೇರೆ ಜಾಗವಿರಲಿಲ್ಲ.

ಇಷ್ಟಕ್ಕೂ ತಕರಾರು ಶುರುವಾದದ್ದು ಎಂಜಿನ್ನಿನಿಂದ. ಈ ಪುಟ್ಟ ಎಂಜಿನ್ನುಗಳಿಗೆ ಹೆಸರಿಲ್ಲ, ಸಂಖ್ಯೆ: ನಲವತ್ತಾರು, ಅರವತ್ತು, ತೊಂಬತ್ತು. ಸಂಖ್ಯೆ ಹೆಚ್ಚಿದಷ್ಟೂ ಸಿಲಿಂಡರಿನ ಹೊಟ್ಟೆ ದೊಡ್ಡದು, ಮೈಭಾರವೂ ಜಾಸ್ತಿ. ವಿಮಾನದ ನಕ್ಷೆಯಲ್ಲಿ ನಲವತ್ತಾರು ಎಂದು ಸ್ಪಷ್ಟವಾಗಿ ಬರೆದಿತ್ತು. ಅಂಥದೊಂದು ಹಳೆಯ ಎಂಜಿನ್ನು ಸಲಕರಣೆಯ ಡಬ್ಬಿಯಲ್ಲಿ ಇತ್ತು ಕೂಡ. ಆದರೆ ದರ್ಜಿಯ ಕೈ ಸುಮ್ಮನಿರಬೇಕಲ್ಲ! ಅವನು ಮಕ್ಕಳ ಅಂಗಿ ಹೊಲಿಯುವುದರಲ್ಲಿ ಹೆಸರಾದವನು. ಎದೆ ಅಳೆದು ನಾಲ್ಕು ಬೆರಳು ಜಾಸ್ತಿ ಕತ್ತರಿಸುವನು, ಹೊಲಿಗೆಯ ಒಳಗೂ ಬಟ್ಟೆ ಬಿಡುವನು. "ಬೆಳೆಯೋ ಮೈ, ಇರಲಿ" ಎಂಬುದು ಅವನ ಬಾಯಿಗೆ ಅಂಟಿಕೊಂಡ ಮಾತು. ವಿಮಾನಕ್ಕೂ ಅದೇ ಕೈ ಓಡಿತು. ಮುಂದಿನ ಹಲಗೆಗೆ ಚಿಕ್ಕ ಎಂಜಿನ್ನಿನ ತೂತನ್ನೂ ಕೊರೆದ, ದೊಡ್ಡದರ ತೂತನ್ನೂ ಕೊರೆದ. ಕೊನೆಗೆ ತೊಂಬತ್ತನ್ನೇ ಕೂರಿಸಿದ.

ಲಾರಿ ಓಡಿಸುವ ಭಾವಮೈದ ಬೆಂಕಿಗೆ ತುಪ್ಪ ಸುರಿದಿದ್ದ. "ದೊಡ್ಡದೇ ಹಾಕಿ ಭಾವ. ಏರು ಬಂದಾಗ ಗೊತ್ತಾಗುತ್ತೆ ಎಂಜಿನ್ ಬೆಲೆ."

"ಆಕಾಶದಲ್ಲಿ ಏರು ಎಲ್ಲಿಂದ ಬಂತೋ?"

"ಮೇಲಕ್ಕೆ ಹೋಗೋದು ಏರಲ್ದೆ ಇಳಿಜಾರಾ?"

ದರ್ಜಿ ದೊಡ್ಡ ಎಂಜಿನ್ನನ್ನೇ ಕೈಗೆತ್ತಿಕೊಂಡಿದ್ದ.

ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ತೊಂಬತ್ತು ಹೊತ್ತ ಈ ವಿಮಾನ ಅಪರಾಧಿಯ ಹಾಗೆ ಮೂಗು ತಗ್ಗಿಸಿ ನೆಲ ನೋಡಿತು. ಸಮ ಮಾಡಲು ಬಾಲಕ್ಕೆ ಭಾರ ಬೇಕಾಯಿತು. ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಹೆಂಡತಿಯ ತಕ್ಕಡಿಯ ಪಕ್ಕದಲ್ಲಿದ್ದ ಹಿತ್ತಾಳೆಯ ತೂಕದ ಬಟ್ಟುಗಳು. ಚಿಕ್ಕವು ಎರಡನ್ನು ಅವನು ಬಾಲದೊಳಗೆ ಕಟ್ಟಿ, ಮೇಲೆ ಹಾಳೆ ಅಂಟಿಸಿಬಿಟ್ಟ. ನಾಳೆ ಕೊಟ್ಟರಾಯಿತು ಅಂದುಕೊಂಡ. ನಾಳೆ ಎಂಬುದು ಬಂದು ಬಂದು ಹೋಗುತ್ತಲೇ ಇತ್ತು.

ಅಂದಿನಿಂದ ಅವಳು ಬಟ್ಟು ಕಾಣದೆ ಅಂದಾಜಿನ ಮೇಲೆ ಕೇಕ್ ಮಾಡುತ್ತಿದ್ದಳು. ಒಂದು ನಡುವೆ ಕುಸಿಯಿತು, ಇನ್ನೊಂದು ಇಟ್ಟಿಗೆಯಾಯಿತು. ಇಟ್ಟಿಗೆಯನ್ನು ದರ್ಜಿ ಕಮಕ್ ಕಿಮಕ್ ಎನ್ನದೆ ತಿಂದ.

ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದಿನ ಬಯಲಿಗೆ ಮೂವರೂ ಲಾರಿಯಲ್ಲಿ ಬಂದರು. ದರ್ಜಿ ಮತ್ತೊಮ್ಮೆ ದೇವರನ್ನು ನೆನೆದು ಎಂಜಿನ್ ತಿರುಗಿಸಿದ. ತೊಂಬತ್ತು ಗುಡುಗಿತು. ಛಾವಣಿಯ ಪಾರಿವಾಳಗಳೆಲ್ಲ ಬೇರೆ ಊರು ನೋಡಿಕೊಂಡು ಎದ್ದವು. ವಿಮಾನ ನೆಲ ಬಿಟ್ಟದ್ದೇ ತಡ, ಸಾಲ ಕೊಟ್ಟವನನ್ನು ಕಂಡವನ ಹಾಗೆ ಓಡಿತು.

"ನೋಡಿ ಭಾವ, ಏರು ಹೇಗೆ ಹತ್ತುತ್ತೆ!"

ಹತ್ತಿತು. ಆದರೆ ಪಲ್ಟಿ ಹೊಡೆಸಿದಾಗ ಅದು ದುಂಡಗಾಗಲಿಲ್ಲ. ಮೇಲೆ ಸಪೂರ, ಕೆಳಗೆ ದಪ್ಪ, ಸೋರೆಕಾಯಿಯಂತೆ ಆಯಿತು. ಇಳಿಸುವಾಗ ವೇಗ ಕಡಿಮೆ ಮಾಡಿದರೆ ಮೈಭಾರಕ್ಕೆ ಧೊಪ್ಪನೆ ಕುಸಿಯುತ್ತಿತ್ತು, ಮಾಡದಿದ್ದರೆ ನಿಲ್ಲುತ್ತಿರಲಿಲ್ಲ. ಕೊನೆಗೆ ಬಯಲನ್ನೆಲ್ಲ ದಾಟಿ ಪೊದೆಯೊಳಗೆ ಮುಖ ಹುದುಗಿಸಿ ನಿಂತಿತು. ದೇವರ ದಯೆ, ಏನೂ ಮುರಿಯಲಿಲ್ಲ.

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು. "ಇಷ್ಟು ದೊಡ್ಡ ಎಂಜಿನ್ ಯಾಕ್ರೀ ಹಾಕಿದ್ರಿ?"

"ಇರಲಿ ಅಂತ. ಸ್ವಲ್ಪ ಜಾಸ್ತಿನೇ ಬಿಟ್ಟಿರಬೇಕಲ್ವಾ..."

"ಯಾಕೆ, ಬರೋ ವರ್ಷಕ್ಕೆ ವಿಮಾನ ಬೆಳೆಯುತ್ತಾ?"

ಭಾವಮೈದ ಲಾರಿಯ ಚಕ್ರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ದರ್ಜಿ ನಗಲಿಲ್ಲ. ಪಾರಿವಾಳಗಳು ಒಂದೊಂದಾಗಿ ಛಾವಣಿಗೆ ಮರಳುತ್ತಿದ್ದವು. ರೆಕ್ಕೆ ಮಡಿಸಿ, ಸದ್ದಿಲ್ಲದೆ, ಬೇಕಾದ ಕಡೆಯೇ ಕಾಲೂರುತ್ತಿದ್ದವು. ಅವುಗಳ ಎದೆಯೊಳಗೆ ಎಷ್ಟು ಬೇಕೋ ಅಷ್ಟೇ ಗುಂಡಿಗೆಯನ್ನು ಇಟ್ಟವನು ಒಂದು ಬೆರಳೂ ಜಾಸ್ತಿ ಬಿಟ್ಟಿರಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು.

"ಇನ್ನೊಂದೇ ಒಂದು ಸಲ" ಎಂದು ಹೆಂಡತಿಯನ್ನು ಕೇಳಿಕೊಂಡ.

"ಒಂದೇ."

ಲಾರಿಯ ಮರೆಗೆ ಹೋಗಿ ತೊಂಬತ್ತನ್ನು ಬಿಚ್ಚಿ, ಜೊತೆಗೆ ತಂದಿದ್ದ ಡಬ್ಬಿಯ ನಲವತ್ತಾರನ್ನು ಕೂರಿಸಿದ. ಬೆರಳ ಮೇಲೆ ಎತ್ತಿದ. ಈಗ ಬಾಲ ಜೋತುಬಿತ್ತು. ಹಾಳೆ ಹರಿದು ಬಟ್ಟುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ಎತ್ತಿದ. ವಿಮಾನ ಧ್ಯಾನಕ್ಕೆ ಕೂತವರ ಹಾಗೆ ಅಲುಗದೆ ನಿಂತಿತು.

ಈ ಸಲ ಗುಡುಗಲಿಲ್ಲ, ಗುಂಯ್‌ಗುಟ್ಟಿತು. ಏರಿತು, ತಲೆಕೆಳಗಾಯಿತು, ಇಳಿಯಿತು. ಬಳೆ ಇಟ್ಟು ಸುತ್ತ ಗೆರೆ ಎಳೆದಷ್ಟು ದುಂಡಗೆ. ತೇಲಿ ಬಂದು ದರ್ಜಿಯ ಕಾಲಿನ ಹತ್ತಿರವೇ ನಿಂತಿತು.

"ಏರಿಗೆ ಇದೂ ಸಾಕು ಅನ್ನಿ" ಎಂದು ಭಾವಮೈದ ಗೊಣಗಿದ.

ಹೆಂಡತಿ ಆಕಾಶದಿಂದ ಕಣ್ಣು ಇಳಿಸಿ ಗಂಡನ ಕಡೆ ತಿರುಗಿದಳು. "ಚೆನ್ನಾಗಿತ್ತು ಕಣ್ರೀ. ಕೋಣೆ ನಿಮಗೇ ಇರಲಿ. ನನಗ್ಯಾಕೆ ಇನ್ನು ಹೊಸ ಒಲೆ? ನನ್ನ ಕೈಗುಣವೇ ಹೋಯ್ತು. ಮದುವೆಗೆ ಕೇಕ್ ಹೇಳಿದ್ದವರಿಗೂ ಬೇರೆ ಕಡೆ ನೋಡ್ಕೊಳ್ಳಿ ಅಂದುಬಿಡ್ತೀನಿ."

ದರ್ಜಿ ಗೆದ್ದಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಅವನದೇ. ಬಟ್ಟುಗಳನ್ನು ಕಪಾಟಿನ ಸಂದಿಗೆ ಉರುಳಿಸಿ, "ಇಲ್ಲೇ ಬಿದ್ದಿತ್ತು ನೋಡು" ಅಂದರೂ ನಡೆಯುತ್ತಿತ್ತು. ಆದರೆ ಅಷ್ಟು ಚಿಕ್ಕ ವಸ್ತುಗಳು ಅಂಗಿಯ ಜೇಬನ್ನು ಅಷ್ಟೊಂದು ಕೆಳಗೆ ಎಳೆಯಬಹುದೆಂದು, ಇಷ್ಟು ವರ್ಷ ಜೇಬು ಹೊಲಿದ ಅವನಿಗೂ ಗೊತ್ತಿರಲಿಲ್ಲ.

"ಕೈಗುಣ ಎಲ್ಲೂ ಹೋಗಿಲ್ಲ" ಎಂದ.

"ಮತ್ತೆ?"

ಅವನು ಬಟ್ಟುಗಳಿಗೆ ಅಂಟಿದ್ದ ಹಾಳೆಯ ಚೂರನ್ನು ಉಗುರಿನಿಂದ ಕೆರೆದು, ಅಂಗಿಯ ತುದಿಯಿಂದ ಒರೆಸಿ, ಅವಳ ಅಂಗೈಯಲ್ಲಿ ಒಂದರ ಪಕ್ಕ ಒಂದು ಇಟ್ಟ.