ಹನ್ನೊಂದನೆಯ ಗುರುತು

ಅಕ್ಕತಂಗಿಯರ ನಡುವಿನದನ್ನು ಮೂರನೆಯವರು ಹೇಳಬಾರದು, ಅದೂ ಇಬ್ಬರೂ ಬದುಕಿರುವಾಗ. ಆದರೂ ಹೇಳಲು ಕೂತಿದ್ದೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಳ್ಳಲಿ, ಸಿಟ್ಟಾಗದಿರಲಿ.

ಅಮೆರಿಕದ ಕೊಲಂಬಿಯಾ ನದಿಯ ಈಚೆ ದಡದಲ್ಲಿ, ಮೂಲನಿವಾಸಿಗಳಾದ ನಮ್ಮ ಬುಡಕಟ್ಟಿನ ಮೀಸಲು ಸೀಮೆಯಲ್ಲಿ ಸುಸೆಟ್ ಅಜ್ಜಿ ಎಂಬತ್ತು ಎಕರೆ ಬಿಟ್ಟುಹೋದಳು. ವಾರಸುದಾರರು ಇಬ್ಬರು ಮೊಮ್ಮಕ್ಕಳು. ದೊಡ್ಡವಳು ಅರ್ಡಿತ್, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಚಿಕ್ಕವಳು ಕೊರ್ಲಿಸ್, ಮೀನುಮರಿ ಸಾಕುವ ಕೇಂದ್ರದಲ್ಲಿ. ಪಾಲಿಗೆ ಜಗಳವಾಗಲಿಲ್ಲ. ಕೆಳಗಿನ ಕಲ್ಲುಬಯಲು ಅಕ್ಕನಿಗೆ, ಮೇಲಿನ ದಿಬ್ಬ ತಂಗಿಗೆ. ಇಬ್ಬರಿಗೂ ತಂತಮ್ಮ ಪಾಲಿನಲ್ಲಿ ಮನೆ ಕಟ್ಟುವ ಆಸೆ. ಹಳೆಯ ಟ್ರೈಲರಿನಲ್ಲಿ, ಅಂದರೆ ಚಕ್ರದ ಮೇಲಿನ ತಗಡಿನ ಮನೆಯಲ್ಲಿ, ವಾಸವಿದ್ದ ಕೊರ್ಲಿಸ್ ದಿಬ್ಬದ ಮೇಲೆ ಮನೆಗೆ ಒಗ್ಗುವ ಒಂದೇ ಒಂದು ಸಮತಟ್ಟಿನಲ್ಲಿ ನಾಲ್ಕು ಮೂಲೆಗೂ ಗೂಟ ನೆಟ್ಟು, ಕಿಟಕಿ ಎಲ್ಲಿ ಬರಬೇಕೆಂದು ಕೂಡ ತೀರ್ಮಾನಿಸಿದ್ದಳು.

ಅರ್ಡಿತ್‌ಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ನೆಲಕ್ಕಾಗಿ ಅಲ್ಲ, ಕಹಿಬೇರಿಗಾಗಿ. ವಸಂತದಲ್ಲಿ ಊಟಕ್ಕೆಂದು ಆ ಬೇರು ಅಗೆಯಲು ಒಂದೊಂದು ಮನೆತನಕ್ಕೆ ಒಂದೊಂದು ಜಾಗ. ಅಜ್ಜಿ ತನ್ನ ಜಾಗವನ್ನು ಊರಲ್ಲಿ ಯಾರಿಗೂ ಬಾಯಿಬಿಡದೆ ಒಬ್ಬಳಿಗೆ ಮಾತ್ರ ತೋರಿಸಿದಳು. ಒಂಬತ್ತು ವರ್ಷದ ಕೊರ್ಲಿಸ್‌ಗೆ. ಹನ್ನೆರಡರ ಅರ್ಡಿತ್‌ಗೆ, "ನಿನ್ನ ಕೈ ಬಿರುಸು ಕಣೇ, ಬೇರು ಮುರೀತೀಯ. ಮನೇಲಿದ್ದು ಎಣ್ಣೇಲಿ ರೊಟ್ಟಿ ಕರಿ" ಎಂದಿದ್ದಳು. ಆ ಮಾತಿಗೆ ನಲವತ್ತು ವರ್ಷವಾಯಿತು. ಪ್ರತಿ ವಸಂತದಲ್ಲೂ ಕೊರ್ಲಿಸ್ ಚೀಲ ತುಂಬಿಕೊಂಡು ಸಭೆಮನೆಗೆ ಬಂದಾಗ ಹಿರಿಯ ಹೆಂಗಸರು, "ಸುಸೆಟ್ ಕೈ ಹಾಗೇ ಇಳಿದು ಬಂದಿದೆ ನೋಡು" ಎನ್ನುವರು. ಅರ್ಡಿತ್ ನಗುತ್ತಲೇ ಸಿಪ್ಪೆ ಸುಲಿಯುವಳು. ಒಳಗೆ ಹಲ್ಲು ಕಚ್ಚಿರುತ್ತಿದ್ದಳು.

ಜಮೀನು ಒಡೆಯಬೇಕಾದರೆ ಬುಡಕಟ್ಟಿನ ಭೂ ಕಚೇರಿಗೆ ನಕ್ಷೆ ಕೊಡಬೇಕು. ಅವರದು ಮೂರು ಸಲ ತಿರುಗಿ ಬಂದಿತು. ಮೊದಲ ಸಲ ಮೂವತ್ತಡಿ ದಾರಿ ತೋರಿಸಿಲ್ಲವೆಂದು, ಎರಡನೆಯ ಸಲ ಬಾವಿಗೂ ಶೌಚದ ಗುಂಡಿಗೂ ನಡುವಿನ ಅಂತರ ಬರೆದಿಲ್ಲವೆಂದು.

"ಈ ನಕ್ಷೆ ನನ್ನ ಮೊದಲನೇ ಗಂಡನಿಗಿಂತ ಹೆಚ್ಚು ಸಲ ವಾಪಸ್ ಬಂತು" ಎಂದಳು ಮೂರನೆಯ ಸಲ, ಕಚೇರಿಯ ಲಿಯೋಟಾ. "ಈಗ ನಿಯಮದ ಪಟ್ಟೀಲಿ ಹನ್ನೊಂದನೇದು ಒಂದೇ ಬಾಕಿ. ಬೇರು, ಹಣ್ಣು ಕೀಳೋ ಜಾಗ ಇದ್ರೆ ಗುರುತು ಹಾಕಿ. ಅದರ ಸುತ್ತ ಮುನ್ನೂರಡಿ ಮನೆ ಕಟ್ಟೋ ಹಾಗಿಲ್ಲ. ಜಾಗ ಇಲ್ಲಾಂದ್ರೆ ಇಬ್ಬರೂ 'ಇಲ್ಲ' ಅಂತ ಸಹಿ ಮಾಡಿ."

ಆ ಸಂಜೆ ಕೊರ್ಲಿಸ್ ಅಕ್ಕನ ಬಾಡಿಗೆ ಮನೆಗೆ ಬಂದಳು.

"ಇಲ್ಲ ಅಂತ ಬರೆದುಬಿಡೋಣ ಅಕ್ಕಾ."

"ಸುಳ್ಳು ಬರೆಯೋಕೆ ನನ್ನ ಕೈ ಬೇಕಾ?"

"ಸುಳ್ಳಲ್ಲ, ಬಾಯಿ ಮುಚ್ಕೊಳ್ಳೋದು. ಗುರುತು ಹಾಕಿದ್ರೆ ನಕ್ಷೆ ಮೂವತ್ತು ದಿನ ಕಚೇರಿ ಗೋಡೆ ಮೇಲಿರುತ್ತೆ. ಊರಿಗೆ ಊರೇ ಅಗೆಯೋ ಕೋಲು ಹಿಡ್ಕೊಂಡು ಬರುತ್ತೆ."

"ಹಾಗಾದ್ರೆ ನನಗೊಬ್ಬಳಿಗೆ ಹೇಳು. ಎಲ್ಲಿ?"

ಕೊರ್ಲಿಸ್ ಕಾಫಿ ಲೋಟ ಕೆಳಗಿಟ್ಟಳು. "ಒಬ್ಬರಿಗೇ ಅಂದಿದ್ಲು ಅಜ್ಜಿ."

"ಆ ಒಬ್ಬರು ನೀನು. ಗೊತ್ತು ಕಣೇ, ಹೋಗು."

ಹನ್ನೆರಡರ ವಯಸ್ಸಿನಲ್ಲೊಮ್ಮೆ ಅರ್ಡಿತ್ ಅವರಿಬ್ಬರ ಹಿಂದೆ ಕಳ್ಳಹೆಜ್ಜೆ ಹಾಕಿದ್ದಳು. ದೂರದಲ್ಲಿ ದಿಬ್ಬ ಹತ್ತುತ್ತಾ ಬಾಗಿದ್ದ ಎರಡು ಬೆನ್ನು ಕಂಡು, ಅಳು ಬಂದು, ಅಲ್ಲಿಂದಲೇ ಹಿಂದಿರುಗಿದ್ದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಮರುದಿನ ಕಚೇರಿಗೆ ಹೋಗಿ ಕೆಂಪು ಪೆನ್ಸಿಲ್ ಕೇಳಿ ತೆಗೆದುಕೊಂಡಳು. ತಂಗಿಯ ನಾಲ್ಕು ಗೂಟಗಳ ನಟ್ಟನಡುವೆ ಒಂದು ಸುತ್ತು ಹಾಕಿದಳು.  ಮನೆಯನ್ನಾದರೂ ಬಿಡಲಿ, ಜಾಗವನ್ನಾದರೂ ಹೇಳಲಿ ಎಂದುಕೊಂಡು ಪೆನ್ಸಿಲ್ ತಿರುಗಿ ಕೊಟ್ಟಳು.

ಲಿಯೋಟಾ ಕೊರ್ಲಿಸ್‌ಳನ್ನು ಕರೆಸಿದಳು. ಅರ್ಡಿತ್ ಎದುರಿನ ಕುರ್ಚಿಯಲ್ಲಿದ್ದಳು.

"ಒಮ್ಮೆ ಜಾಗ ಇದೆ ಅಂತ ಕಾಗದಕ್ಕೆ ಬಿದ್ದ ಮೇಲೆ ಇಲ್ಲ ಅನ್ನೋ ಹಾಗಿಲ್ಲ" ಎಂದಳು ಲಿಯೋಟಾ. "ಇದು ತಪ್ಪು ಅಂದ್ರೆ ಸರಿಯಾದ್ದು ಯಾವುದು ಅಂತ ನೀನೇ ತೋರಿಸ್ಬೇಕು."

ತಂಗಿ ಕೂಗಾಡಲಿ, ನಕ್ಷೆ ಹರಿಯಲಿ ಎಂದು ಅರ್ಡಿತ್ ಕಾದಳು. ಕೊರ್ಲಿಸ್ ಕೆಂಪು ಸುತ್ತನ್ನು ನೋಡಿದಳು. ಒಮ್ಮೆ ಅಕ್ಕನ ಮುಖ ನೋಡಿದಳು.

"ಅದೇ ಜಾಗ" ಎಂದು ಸಹಿ ಮಾಡಿದಳು.

"ಮತ್ತೆ ನಿನ್ನ ಮನೆ?" ಎಂದಳು ಲಿಯೋಟಾ.

"ಟ್ರೈಲರಲ್ಲೇ ಇರ್ತೀನಿ. ನಾನು ಹೋದ್ರೆ ಇಲಿಗಳಿಗೂ ಬೇಜಾರು."

ಗೆದ್ದ ಖುಷಿ ಅರ್ಡಿತ್‌ಗೆ ಬಾಗಿಲವರೆಗೂ ಉಳಿಯಲಿಲ್ಲ. ಮನೆ ಕಳಕೊಂಡೂ ಇವಳೇ ದೊಡ್ಡವಳಾದಳಲ್ಲ ಎಂದು ಹೊಸ ಉರಿ ಹತ್ತಿತು.

ನಕ್ಷೆ ಗೋಡೆಗೆ ಬಂತು. ವಸಂತದಲ್ಲಿ ಸಭೆಮನೆಯಲ್ಲಿ ವರ್ಷದ ಮೊದಲ ಬೇರಿನ ಹಬ್ಬದೂಟ ಮುಗಿದದ್ದೇ ತಡ, ದಿಬ್ಬದ ಕೆಳಗೆ ಹನ್ನೆರಡು ಪಿಕಪ್ ಗಾಡಿ ಸಾಲಾಗಿ ನಿಂತವು. ಅರ್ಡಿತ್ ಕೂಡ ಕಬ್ಬಿಣದ ಕೋಲು ಹಿಡಿದು ಹತ್ತಿದಳು. ನಲವತ್ತು ವರ್ಷ ಕಾದವಳು ಮೊಣಕಾಲೂರಿ, ಮುರಿಯದ ಹಾಗೆ ನಿಧಾನವಾಗಿ ಎತ್ತಿದಳು. ಬಂದದ್ದು ನೂಲಿನಂಥ ಎರಡೆಳೆ.

"ಇದಕ್ಕಾ ಸುಸೆಟ್ ಜೀವಮಾನ ಪೂರ್ತಿ ಬಾಯಿ ಮುಚ್ಕೊಂಡಿದ್ದು?" ಎಂದು ಮುದುಕಿಯೊಬ್ಬಳು ನಕ್ಕಳು. ಉಳಿದವರೂ ನಕ್ಕು ಗಾಡಿ ಹತ್ತಿದರು.

ಮುಂದಿನ ಶನಿವಾರ ಕೊರ್ಲಿಸ್ ಸಭೆಮನೆಯ ಮೇಜಿನ ಮೇಲೆ ಚೀಲ ಸುರಿದಳು. ಬೆರಳು ದಪ್ಪದ ಬೇರುಗಳು, ಇನ್ನೂ ಹಸಿ ಮಣ್ಣು ಮೆತ್ತಿದವು.

"ಎಲ್ಲಿಂದ ತಂದೆ?" ಅರ್ಡಿತ್ ಒಂದು ಬೇರನ್ನು ಎತ್ತಿ ಹಿಡಿದಳು.

"ಸಿಪ್ಪೆ ತೆಗಿ ಅಕ್ಕಾ. ಒಣಗಿದ್ರೆ ಬಿಡಲ್ಲ."

ಅರ್ಡಿತ್ ಸುಲಿಯಲು ಕೂತಳು. ತಾನು ಸುತ್ತು ಹಾಕಿದ್ದು ಬರೀ ಊಹೆಯ ಮೇಲೆಂದು ಕಚೇರಿಗೆ ಹೋಗಿ ಹೇಳಿದರೆ ತಂಗಿಗೆ ಮನೆ ಸಿಕ್ಕೀತೇ? ಇಲ್ಲ. ಹಾಗಾದರೆ ಸರಿಯಾದ ಜಾಗ ಯಾವುದೆಂದು ಲಿಯೋಟಾ ಮತ್ತೆ ಕೇಳುತ್ತಾಳೆ, ಕೊರ್ಲಿಸ್ ಬಾಯಿ ಬಿಡಲೇಬೇಕಾಗುತ್ತದೆ. ಮಾಡಿದ ತಪ್ಪನ್ನು ಒಪ್ಪಿಕೊಳ್ಳುವ ದಾರಿಯೂ ಅವಳಿಗೆ ಉಳಿದಿರಲಿಲ್ಲ.

ಜೂನ್ ತಿಂಗಳಲ್ಲಿ ಅವಳ ಪಾಲಿನ ಬಯಲಿಗೆ ಅವಳ ಹೊಸ ಮನೆಯ ಪಾಯ ತೋಡುವ ಯಂತ್ರ ಬಂತು. ಕಲ್ಲುಗಳ ನಡುವೆ ಅಲ್ಲಲ್ಲಿ ಕಹಿಬೇರಿನ ಗುಲಾಬಿ ಬಣ್ಣದ ಹೂ ನೆಲಕ್ಕಂಟಿ ಅರಳಿತ್ತು. ಆ ಹೂ ಎಲ್ಲ ಕಡೆಯೂ ಬಿಡುತ್ತದೆ. ಯಾವುದರ ಅಡಿ ದಪ್ಪ ಬೇರಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ಅರ್ಡಿತ್ ಗೂಟಗಳನ್ನು ಎರಡು ಸಲ ಕಿತ್ತು ಬೇರೆಡೆ ನೆಟ್ಟಳು. ಕೊನೆಗೆ ಯಂತ್ರದವನನ್ನು ವಾಪಸ್ ಕಳಿಸಿದಳು.

ಅಜ್ಜಿಯ ಜಾಗ ಆ ಬಯಲಿನಲ್ಲಿದೆಯೋ, ಎಂಬತ್ತು ಎಕರೆಯ ಹೊರಗೇ ಇದೆಯೋ ನನಗೆ ಗೊತ್ತಿಲ್ಲ. ಕೊರ್ಲಿಸ್ ಸಹಿ ಹಾಕಿದ್ದು ಅಜ್ಜಿಯ ಮಾತಿಗಾಗಿಯೋ, ನಿಜವಾದ ಜಾಗ ತೋರಿಸಿದರೆ ಅಕ್ಕನ ಮನೆ ತಪ್ಪೀತೆಂದೋ, ಅದೂ ಗೊತ್ತಿಲ್ಲ.