ನೆಲಮಾಳಿಗೆಯ ಸೇಬು

ವಾರಗಿತ್ತಿ ಅಲೀಡಾಳ ಹೆಸರೆತ್ತಿದರೆ ಸಾಕು, ಫೆನ್ನಾ ಬೂರ್ಸ್ಮಾಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಎತ್ತಿ ಇಳಿಸಿ, ತೊಳೆದು ಒರೆಸಿದವಳು ಹಿರಿಸೊಸೆ ಫೆನ್ನಾ. ಆ ಮುದುಕಿ ಸಾಯುವ ಹೊತ್ತಿಗೆ ಈಸ್ಟರ್ ಹಬ್ಬದ ಕುಂಡಗಳನ್ನು ವಹಿಸಿಕೊಟ್ಟದ್ದು ಮಾತ್ರ ಬಾಗಿಲಲ್ಲೇ ನಿಂತು ಯೋಗಕ್ಷೇಮ ಕೇಳಿ ಹೋಗುತ್ತಿದ್ದ ಕಿರಿಸೊಸೆಗೆ. ಅಲೀಡಾಳ ಕೈಗುಣ ಒಳ್ಳೆಯದಂತೆ. ಹಾಗಾದರೆ ಫೆನ್ನಾಳ ಕೈ ಇದ್ದದ್ದು ಬರೀ ಹೇಲು ಬಳಿಯಲಿಕ್ಕೋ?

ಮಿಶಿಗನ್ ಸರೋವರದ ದಡದ ಆ ಡಚ್ಚರ ಊರಿನಲ್ಲಿ ಹಯಸಿಂತ್ ಹೂವಿನ ಗೆಡ್ಡೆ ಹೂಳದ ಮನೆಯೇ ಇರಲಿಲ್ಲ. ಅಕ್ಟೋಬರಿನಲ್ಲಿ ಕುಂಡಕ್ಕೆ ಹಾಕಿ, ಚಳಿಗಾಲವೆಲ್ಲ ನೆಲಮಾಳಿಗೆಯ ತಣ್ಣನೆಯ ಕತ್ತಲಲ್ಲಿಟ್ಟು, ಆಮೇಲೆ ಕಿಟಕಿಗೆ ತಂದರೆ ಹೊರಗೆ ಹಿಮವಿರುವಾಗಲೇ ಮನೆಯೊಳಗೆ ಹೂವು. ಆದರೆ ಈಸ್ಟರ್ ಬೆಳಿಗ್ಗೆ ಚರ್ಚಿನ ಪೀಠದ ಮುಂದೆ ನಿಲ್ಲುವ ಎಂಟು ನೀಲಿ ಕುಂಡಗಳು ಬೂರ್ಸ್ಮಾ ಮನೆತನದವು. ಅವನ್ನು ಹೊತ್ತು ತರುವ ಹೆಂಗಸಿಗೆ ಊರೇ ಎದ್ದು ದಾರಿ ಬಿಡುತ್ತದೆ. ಆ ಒಂದು ಮರ್ಯಾದೆ ಸಾಯುವ ಮೊದಲು ಒಮ್ಮೆಯಾದರೂ ತನಗೆ ಸಿಗಬೇಕೆಂದು ಫೆನ್ನಾ ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಕಾದು ಕಾದು ಸಾಕಾಯಿತು. ಮನೆ ಎರಡು ಪಾಲು, ಮೇಲೆ ಫೆನ್ನಾ ಮತ್ತು ಗಂಡ ಹಾರ್ಮ್, ಕೆಳಗೆ ವಿಧವೆ ಅಲೀಡಾ. ನೆಲಮಾಳಿಗೆ ಮಾತ್ರ ಒಂದೇ. ಗೆಡ್ಡೆಗಳಿರುವ ಕಡೆ ಸೇಬು ಇಡಬಾರದೆಂಬುದು ಆ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾಗಿದ ಸೇಬಿನ ಉಸಿರು ತಾಗಿದರೆ ಗೆಡ್ಡೆಯ ಹೊಟ್ಟೆಯಲ್ಲೇ ಮೊಗ್ಗು ಸತ್ತುಹೋಗುತ್ತದೆ, ಬರೀ ಎಲೆ ಮೇಲೆ ಬರುತ್ತದೆ. ಜನವರಿಯ ಒಂದು ಮಧ್ಯಾಹ್ನ ಅಲೀಡಾ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ, ಫೆನ್ನಾ ಗ್ಯಾರೇಜಿನಲ್ಲಿದ್ದ ಸೇಬಿನ ಬುಟ್ಟಿಯನ್ನು ಇಳಿಸಿ ಅಲ್ಲಿದ್ದ ಅಲೀಡಾಳ ಕುಂಡಗಳ ಹಿಂದೆ ಗೋಣಿ ಮುಚ್ಚಿ ಇಟ್ಟಳು. ಅವಳ ಸ್ವಂತ ಕುಂಡಗಳು ಮೇಲಿನ ವರಾಂಡದಲ್ಲಿ ಹುಲ್ಲು ಹೊದ್ದು ಬೆಚ್ಚಗಿನ ದಿನಕ್ಕೆ ಕಾಯುತ್ತಿದ್ದವು. ಅಲೀಡಾ ತನ್ನವನ್ನು ಮೇಲೆ ತರುವ ಮೊದಲೇ ಬುಟ್ಟಿ ಮತ್ತೆ ಗ್ಯಾರೇಜು ಸೇರಿತು.

ಮಾರ್ಚಿನಲ್ಲಿ ಅಲೀಡಾಳ ಕಿಟಕಿಯಲ್ಲಿ ಸೊಂಪಾದ ಎಲೆ ಬಂತು. ಎಲೆಯ ನಡುವೆ ಕಂದು ಬಣ್ಣದ ಒಣ ಚೂರು, ಅಷ್ಟೇ. ಫೆನ್ನಾ ದಿನಾ ಕಸ ಹಾಕುವ ನೆಪದಲ್ಲಿ ಇಣುಕಿ ನೋಡಿ ಬಂದಳು. ಅಲೀಡಾ ಅಳಲಿಲ್ಲ, ಜಗಳಕ್ಕೆ ಬರಲಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಈಸ್ಟರ್ ಹತ್ತಿರ ಬಂದಾಗ ಮೆಟ್ಟಿಲು ಹತ್ತಿ ಬಂದಳು. ಕುಂಡ ನಿನ್ನವೇ ಇಡು ಎನ್ನಲಿಕ್ಕೆ ಬಂದಳೆಂದು ಫೆನ್ನಾಳ ಎದೆ ಹಿಗ್ಗಿತು.

"ನಿನ್ನ ಮರದ ಸೇಬು ಇನ್ನೂ ಇದಾವೇನೇ?" ಎಂದಳು ಅಲೀಡಾ. "ಒಂದೆಂಟು ಕೊಡು."

ಕಡುಬಿಗಿರಬೇಕು ಅಂದುಕೊಂಡು ಫೆನ್ನಾ ಅದೇ ಬುಟ್ಟಿಯಿಂದ ಒಳ್ಳೊಳ್ಳೆಯವನ್ನೇ ಆರಿಸಿ ಕೊಟ್ಟಳು. ಅವಳು ತವರಿನಿಂದ ಕಡ್ಡಿ ತಂದು ಕಸಿಮಾಡಿದ ಮರ ಅದು. ಒರಟು ಕಂದು ಸಿಪ್ಪೆಯ ಆ ಜಾತಿ ಊರಿನಲ್ಲಿ ಬೇರೆ ಯಾರ ಹಿತ್ತಲಲ್ಲೂ ಇರಲಿಲ್ಲ.

ಈಸ್ಟರ್ ಬೆಳಿಗ್ಗೆ ಫೆನ್ನಾ ಹೊಸ ಕೋಟು ತೊಟ್ಟಳು. ಅರಳಿ ನಿಂತ ತನ್ನ ಕುಂಡಗಳನ್ನು ಕಾರಿನ ಹಿಂದೆ ಜೋಡಿಸಿದಳು. ಪೀಠ ಬರಿದಾಗಿರುವುದನ್ನು ಊರೆಲ್ಲ ಒಮ್ಮೆ ಕಣ್ಣಾರೆ ನೋಡಲಿ, ಆಮೇಲೆ ತಂದರಾಯಿತು ಎಂದು ಬರಿಗೈಯಲ್ಲಿ ಒಳಗೆ ನಡೆದಳು.

ಪೀಠ ಬರಿದಾಗಿರಲಿಲ್ಲ. ಎಂಟು ನೀಲಿ ಕುಂಡಗಳೂ ಸಾಲಾಗಿ ನಿಂತಿದ್ದವು. ಹೂವಿಲ್ಲ, ಬರೀ ಎಲೆ. ಪ್ರತಿ ಕುಂಡದ ಮಣ್ಣಿನ ಮೇಲೆ ಒಂದೊಂದು ಒರಟು ಕಂದು ಸೇಬು.

ಒಬ್ಬೊಬ್ಬ ಹೆಂಗಸೂ ಕುಂಡ ನೋಡಿದಳು, ಸೇಬು ನೋಡಿದಳು, ತಿರುಗಿ ಫೆನ್ನಾಳ ಮುಖ ನೋಡಿದಳು. ಅವಳ ಬೆಂಚಿನಲ್ಲಿದ್ದವರು ಕೋಟು ಎಳೆದುಕೊಂಡು ಅತ್ತ ಸರಿದು ಕೂತರು. ಹಾರ್ಮ್‌ಗೂ ಅರ್ಥವಾಯಿತು. ಅವನು ಪ್ರಾರ್ಥನೆ ಮುಗಿಯುವವರೆಗೂ ತನ್ನ ಬೂಟನ್ನೇ ನೋಡುತ್ತಿದ್ದ.

ಏನೂ ತಿಳಿಯದವರು ಹೊಸ ಪಾದ್ರಿ ಒಬ್ಬರೇ. ಅರಿಜೋನಾದ ಮರಳುಗಾಡಿನವರು, ಪಾಪ. ಕಾಫಿಯ ಹೊತ್ತಿನಲ್ಲಿ ಅವರು ಕುಂಡದಿಂದ ಒಂದು ಸೇಬು ತೆಗೆದು, ಕರವಸ್ತ್ರದಲ್ಲಿ ಒರೆಸಿ, ನಗುನಗುತ್ತ ಫೆನ್ನಾಳ ಮುಂದೆ ಹಿಡಿದರು. "ಹಬ್ಬಕ್ಕೆ ಸೇಬಿಡೋದು ಎಷ್ಟು ಚೆನ್ನಾಗಿದೆ! ನಿಮ್ಮ ಮರದ್ದಂತಲ್ಲ, ಮೊದಲು ನೀವೇ ರುಚಿ ನೋಡಿ."

ಅಲೀಡಾ ಪಕ್ಕದಲ್ಲೇ ಕಪ್ಪು ಹಿಡಿದು ನಿಂತಿದ್ದಳು. "ತಿನ್ನೇ ಫೆನ್ನಾ," ಎಂದಳು ಮೆಲ್ಲಗೆ. "ಚಳಿಗಾಲವೆಲ್ಲ ಜೋಪಾನ ಮಾಡಿದ್ದೀಯಲ್ಲ."

ಕಾಫಿ ಹೀರುತ್ತಿದ್ದವರೆಲ್ಲ ಹೀರುವುದನ್ನು ನಿಲ್ಲಿಸಿದರು. ಫೆನ್ನಾ ಕಚ್ಚಿದಳು. ಅಗಿದಳು, ನುಂಗಿದಳು. ಪಾದ್ರಿ ಹೇಗಿದೆ ಎಂದು ಕೇಳಿದ್ದಕ್ಕೆ ಸಿಹಿಯಾಗಿದೆ ಅಂದಳು. ಎಂಜಲು ಸೇಬನ್ನು ಇಡಲಿಕ್ಕೆ ಯಾರೂ ಒಂದು ತಟ್ಟೆ ಮುಂದೆ ಮಾಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ಕಾರಿನವರೆಗೆ ನಡೆದಳು.

ಬಾಗಿಲು ತೆಗೆದರೆ ಕಾರಿನ ತುಂಬ ಹಯಸಿಂತ್ ಘಮ. ಪ್ರಾರ್ಥನೆ ಮುಗಿದ ಮೇಲೆ ಕುಂಡಗಳನ್ನು ಕಾಯಿಲೆಯವರ ಮನೆಗೆ ಹಂಚುವುದು ಪದ್ಧತಿ. ಯಾರ ಮನೆಗೆ ಹೋಗೋಣ ಎಂದಳು ಫೆನ್ನಾ.

"ನಿನ್ನ ಕೈಯಿಂದ ಯಾರು ತಗೋತಾರೆ?" ಎಂದ ಹಾರ್ಮ್. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ ಮನೆಯ ಕಡೆ ಓಡಿಸಿದ.